ಉಣ್ಣೆ ಕಿತ್ತರಷ್ಟೇ ಸಾಲದು: ಹಸುವಿನ ರಕ್ತದ ಕಾಯಿಲೆ ಕಲಿಸಿದ ಪಾಠ

ಮೂರು ವರ್ಷದ ಹಿಂದೆ ನಮ್ಮ ಗಬ್ಬದ ಎಚ್‌ಎಫ್ ಮಿಶ್ರತಳಿ ಹಸು ಒಂದು ಸಂಜೆ ಮೇವು ಬಿಟ್ಟಿತು. ಮೈ ಸುಡ್ತಿತ್ತು. ಸಾವಯವ ಕೃಷಿಕ ಅನ್ನೋ ಹಠ ನನಗೆ. ಕೆಚ್ಚಲ ಸುತ್ತ ಇದ್ದ ಉಣ್ಣೆ ಕಿತ್ತು, ಬೇವಿನೆಣ್ಣೆ ಹಚ್ಚಿ, ಕಷಾಯ ಕುಡಿಸಿ ಎರಡು ದಿನ ಕಾದೆ. ಮೂರನೇ ದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಡಾಕ್ಟ್ರು ಬಂದು, ರಕ್ತ ಪರೀಕ್ಷೆ ಮಾಡಿಸಿ ‘ಬಬೇಸಿಯಾ’ ಅಂದರು. ಹಸು ಬದುಕಿತು, ಹೊಟ್ಟೆಯಲ್ಲಿದ್ದ ಕರು ಉಳಿಯಲಿಲ್ಲ. ಆ ಎರಡು ದಿನದ ತಪ್ಪು ನನ್ನದೇ.

ಕಾಯಿಲೆ ಬರೋದು ಹೇಗೆ?

ಉಣ್ಣೆ (ಕೆಲವು ಕಡೆ ಉಣುಗು) ಕಚ್ಚಿದಾಗ ಅದರ ಜೊಲ್ಲಿನ ಜೊತೆ ಕಣ್ಣಿಗೆ ಕಾಣದ ಪರಾವಲಂಬಿ ಜೀವಿ ಹಸುವಿನ ರಕ್ತ ಸೇರುತ್ತೆ. ಬಬೇಸಿಯಾ ಕೆಂಪು ರಕ್ತಕಣದೊಳಗೆ ಬೆಳೆದು ಅದನ್ನು ಒಡೆಯುತ್ತೆ. ಮೂತ್ರದ ಬಣ್ಣ ಬದಲಾಗೋದು ಇದರಿಂದಲೇ. ತಾಯಿ ಉಣ್ಣೆಯಿಂದ ಇದು ಮೊಟ್ಟೆಗೂ ದಾಟುತ್ತೆ, ಹಾಗಾಗಿ ಮರಿಗಳು ಮುಂದಿನ ಹಸುವಿಗೆ ರೋಗ ಹೊತ್ತೊಯ್ಯುತ್ತವೆ. ಥೈಲೇರಿಯಾ ಬೇರೆ ಜಾತಿಯ ಉಣ್ಣೆಯಿಂದ ಬರೋ ಇನ್ನೊಂದು ರೋಗ. ನಾಟಿ ಹಸುಗಳಿಗಿಂತ ಮಿಶ್ರತಳಿಗೆ ಇವುಗಳ ಕಾಟ ಹೆಚ್ಚು.

ಇವು ಕಂಡರೆ ಕಾಯಬೇಡಿ

• 104 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಹಾಲು ದಿಢೀರ್ ಇಳಿಯೋದು
• ಬಿಳಿಚಿದ ಒಸಡು, ಕಣ್ಣಿನ ಒಳರೆಪ್ಪೆ
• ಕಾಫಿ ಬಣ್ಣದ ಮೂತ್ರ (ಬಬೇಸಿಯಾ)
• ಭುಜದ ಮುಂದೆ ಗಂಟಿನಂತೆ ಊತ (ಥೈಲೇರಿಯಾ)

ಒಸಡು, ಮೂತ್ರದ ಫೋಟೊ ತೆಗೆದು ಡಾಕ್ಟ್ರಿಗೆ ಕಳಿಸಿ, ಇಲ್ಲವೇ 1962ಕ್ಕೆ ಕರೆ ಮಾಡಿ. ಎರಡು ರೋಗಕ್ಕೂ ಚುಚ್ಚುಮದ್ದು ಬೇರೆ ಬೇರೆ, ಅದಕ್ಕೇ ರಕ್ತ ಪರೀಕ್ಷೆ ಬೇಕು. ಬೇವಿನೆಣ್ಣೆ ಉಣ್ಣೆಯನ್ನು ದೂರ ಇಡಲು ನೆರವಾದೀತು, ರಕ್ತದೊಳಗಿನ ರೋಗಕ್ಕೆ ಅದು ಮದ್ದಲ್ಲ. ಕಾಯಿಲೆ ಬಿದ್ದ ಹಸುವಿಗೆ ಚಿಕಿತ್ಸೆ ಬೇಡ ಅಂತ ಸಾವಯವ ನಿಯಮವೂ ಹೇಳಲ್ಲ.

ಕೊಟ್ಟಿಗೆಯಲ್ಲಿ ಮಾಡಬೇಕಾದ್ದು

ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು, ಸಂದಿಯಲ್ಲಿ 2000ಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು.

1. ಗೋಡೆ, ನೆಲದ ಬಿರುಕು ಮುಚ್ಚಿ ಸುಣ್ಣ ಬಳಿಯಿರಿ.
2. ಕಿವಿ, ಗಂಗೆದೊಗಲು, ಕೆಚ್ಚಲು, ಬಾಲದ ಬುಡವನ್ನು ದಿನಾ ಮುಟ್ಟಿ ನೋಡಿ.
3. ಕಿತ್ತ ಉಣ್ಣೆಯನ್ನು ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆಗೆ ಹಾಕಿ.
4. ನಾಟಿ ಕೋಳಿ ಬಿಡಿ, ಹೆಕ್ಕಿ ತಿನ್ನುತ್ತವೆ.
5. ಹೊಸ ಹಸು ತಂದರೆ ಉಣ್ಣೆ ಹೋಗೋವರೆಗೂ ಬೇರೆ ಕಟ್ಟಿ.
6. ಥೈಲೇರಿಯಾ ಲಸಿಕೆ ಬಗ್ಗೆ ಡಾಕ್ಟ್ರನ್ನ ಕೇಳಿ.

ಈಗ ನಮ್ಮ ಕೊಟ್ಟಿಗೆಯ ಗೂಟಕ್ಕೆ ಒಂದು ಥರ್ಮಾಮೀಟರ್ ತೂಗುತ್ತೆ. ಹಸು ಮೇವು ಬಿಟ್ಟರೆ ಕಷಾಯಕ್ಕಿಂತ ಮೊದಲು ಕೈ ಅದಕ್ಕೆ ಹೋಗುತ್ತೆ.