‘ವಲಸೆ ಕಾರ್ಮಿಕ’ ಯಾರು? ಅಂಬಾಜಿದುರ್ಗದ ಸೀಮೆಯಿಂದ ಕೆಲವು ಟಿಪ್ಪಣಿಗಳು

ಕೋವಿಡ್ ಕಾಲದ ದುಡಿಮೆಯನ್ನು ಕುರಿತ ಚರ್ಚೆಗಳಲ್ಲಿ ‘ವಲಸೆ ಕಾರ್ಮಿಕ’ ಎಂಬ ಮಾತು ನಿರ್ವಿವಾದವೆಂಬಂತೆ ಬಳಕೆಯಾಗಿದೆ. ಈ ಮಾತು ಯಾರನ್ನು ಒಳಗೊಳ್ಳುತ್ತದೆ, ಯಾರನ್ನು ಹೊರಗಿಡುತ್ತದೆ ಎಂಬುದು ಕೇವಲ ನಿಘಂಟಿನ ಪ್ರಶ್ನೆಯಲ್ಲ. 2020ರಲ್ಲಿ ಅದು ಅನ್ನದ ಪ್ರಶ್ನೆಯೂ ಆಗಿತ್ತು.

ಆಗ ಜಾರಿಯಲ್ಲಿದ್ದ 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಗುತ್ತಿಗೆದಾರನ ಮೂಲಕ ರಾಜ್ಯದ ಗಡಿ ದಾಟಿ ಬಂದವರನ್ನು, ಅದೂ ಅಂಥವರು ಐದು ಅಥವಾ ಹೆಚ್ಚು ಮಂದಿ ಇರುವ ಕಡೆಗಳಲ್ಲಿ ಮಾತ್ರ, ಗುರುತಿಸುತ್ತಿತ್ತು. ಈ ವ್ಯಾಖ್ಯೆಯ ಅಸಂಗತತೆ ಅಂಬಾಜಿದುರ್ಗದ ಸುತ್ತಿನ ಗಡಿಸೀಮೆಯಲ್ಲಿ ಎದ್ದು ಕಾಣುತ್ತದೆ. ಮದನಪಲ್ಲಿಯ ಕಡೆಯಿಂದ ಮೇಸ್ತ್ರಿಯ ಹಿಂದೆ ಚಿಂತಾಮಣಿಗೆ ಬರುವ ಕೂಲಿಕಾರ ತನ್ನ ತೆಲುಗನ್ನೂ ಬಿಡಬೇಕಾಗಿಲ್ಲ. ಆದರೂ ಅವನು ವಲಸಿಗ. ರಾಯಚೂರಿನಿಂದ ಸುಮಾರು 400 ಕಿಲೋಮೀಟರು ದೂರ ಬಂದು ಬೆಂಗಳೂರಿನಲ್ಲಿ ಗಾರೆ ಹೊರುವ ಸಂಸಾರ ವಲಸೆ ಬಂದದ್ದಲ್ಲ! ಕಲ್ಯಾಣ ಕರ್ನಾಟಕದ ಆಡುಮಾತಿನ ‘ಗುಳೆ’ ಇಲ್ಲಿ ಕಾಯಿದೆಗಿಂತ ನಿಖರವಾಗಿದೆ. ಕಾಯಿದೆ ಒಬ್ಬ ಕೆಲಸಗಾರನನ್ನು ಎಣಿಸಿದರೆ, ಗುಳೆ ಎಂಬ ಪದ ಬೀಗ ಹಾಕಿದ ಮನೆಯನ್ನೂ ಅಲ್ಲೇ ಉಳಿದ ಮುದುಕರನ್ನೂ ನೆನಪಿಸುತ್ತದೆ.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಕಡಿದುಬಿದ್ದದ್ದು ಈ ಎರಡು ತುದಿಗಳ ನಂಟು. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆಯ ಕೂಲಿ ಅಂದಂದಿನ ದುಡಿಮೆಯದು. ನೇಕಾರರ ಬೇಡಿಕೆ ನಿಂತರೆ ನೂಲು ಉಳಿಯುತ್ತದೆ, ಗೂಡಿನ ಬೆಲೆ ಕುಸಿಯುತ್ತದೆ, ಒಲೆ ಆರುತ್ತದೆ. ನಗರದಿಂದ ಊರಿಗೆ ಹಣ ಕಳುಹಿಸುತ್ತಿದ್ದವನು ಬರಿಗೈಯಲ್ಲಿ ಹಿಂದಿರುಗಿದಾಗ ಮನೆಗೆ ಆದಾಯವೂ ಇಲ್ಲ, ಉಣ್ಣುವ ಬಾಯಿಯೂ ಒಂದು ಹೆಚ್ಚು. ಉದ್ಯೋಗ ಖಾತರಿ ಯೋಜನೆಯ ಕೂಲಿ ಆ ವರ್ಷ ಕರ್ನಾಟಕದಲ್ಲಿ ದಿನಕ್ಕೆ 275 ರೂಪಾಯಿ. ಅದು ಆಸರೆಯಾಯಿತೆಂಬುದು ನಿಜ, ನಗರದ ಕೂಲಿಗೆ ಬದಲಿಯಾಗಲಿಲ್ಲ.

ಪ್ರಭುತ್ವದ ನಿಲುವೂ ಗಮನಾರ್ಹ. ಮೇ ಆರಂಭದಲ್ಲಿ ರಾಜ್ಯದಿಂದ ಶ್ರಮಿಕ ರೈಲುಗಳು ಹೊರಟವು. ಮೇ 5ರಂದು, ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆದ ದಿನವೇ, ಮುಂದಿನ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ತೀವ್ರ ಟೀಕೆಯ ನಂತರ ಆ ನಿರ್ಧಾರ ಬದಲಾಯಿತು. ದುಡಿಯುವಾಗ ಎಣಿಕೆಗೆ ಬಾರದವರು, ಊರಿಗೆ ಹೊರಟಾಗ ಮಾತ್ರ ‘ಅನಿವಾರ್ಯ’ರಾದದ್ದು ಹೀಗೆ.

ಅದೇ ವರ್ಷದ ಸೆಪ್ಟೆಂಬರ್ 14ರಂದು, ಊರು ಸೇರುವ ಹಾದಿಯಲ್ಲಿ ಸತ್ತವರೆಷ್ಟು, ಅವರ ಕುಟುಂಬಗಳಿಗೆ ಪರಿಹಾರವೆಷ್ಟು ಎಂಬ ಪ್ರಶ್ನೆ ಲೋಕಸಭೆಯಲ್ಲಿ ಬಂದಿತು. ಅಂಥ ಮಾಹಿತಿಯನ್ನು ಇಟ್ಟಿಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆ ಉದ್ಭವಿಸುವುದಿಲ್ಲ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ ಉತ್ತರಿಸಿತು.