ಒಲೆಯ ಹೊಗೆ ಮತ್ತು ಅಮ್ಮನ ದಮ್ಮು



"ಅಮ್ಮ ಬೀಡಿ ಮುಟ್ಟಿದವಳಲ್ಲ. ಆದರೂ ಈ ದಮ್ಮು ಎಲ್ಲಿಂದ ಬಂತು ಫಾದರ್?" ಎಂದು ಕಾಯಿಲೆಯವರಿರುವ ಮನೆಗಳಲ್ಲಿ ಕೇಳುವವರುಂಟು. ಉತ್ತರ ಎಷ್ಟೋ ಸಲ ಆ ಮನೆಯ ಅಡುಗೆಕೋಣೆಯ ಕರಿಹಿಡಿದ ಗೋಡೆಯ ಮೇಲೆಯೇ ಇರುತ್ತದೆ. ಮೂವತ್ತು ನಲವತ್ತು ವರ್ಷ ಸೌದೆ ಒಲೆಯ ಮುಂದೆ ಬಗ್ಗಿ ಊದಿದವರಿಗೂ ಸಿಗರೇಟು ಸೇದಿದವರಿಗೆ ಬರುವ ಕಾಯಿಲೆಯೇ ಬರಬಹುದು. ವೈದ್ಯರು ಅದನ್ನು ಸಿ.ಓ.ಪಿ.ಡಿ. ಎನ್ನುತ್ತಾರೆ. ಶ್ವಾಸನಾಳಗಳು ಕಾಯಂ ಆಗಿ ಕಿರಿದಾಗಿ, ಒಳಗೆಳೆದ ಗಾಳಿಯನ್ನು ಪೂರ್ತಿ ಹೊರಬಿಡಲಾಗದ ಸ್ಥಿತಿ ಅದು. 'ವಯಸ್ಸಾಯಿತು, ಕೆಮ್ಮು ಸಹಜ' ಎಂದು ನಾವು ತಳ್ಳಿಹಾಕುವುದು ಇದನ್ನೇ.

ಹೊಗೆಯಲ್ಲಿ ಕಣ್ಣಿಗೆ ಕಾಣುವುದಕ್ಕಿಂತ ಕಾಣದಿರುವುದೇ ಹೆಚ್ಚು ಅಪಾಯಕಾರಿ. ದಪ್ಪ ಧೂಳನ್ನು ಮೂಗಿನ ಕೂದಲೂ ಗಂಟಲ ಲೋಳೆಯೂ ತಡೆಯುತ್ತವೆ. ಸೀನಿದರೆ, ಕೆಮ್ಮಿದರೆ ಹೊರಬೀಳುತ್ತದೆ. ಆದರೆ ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು, ಅಂದರೆ ತಲೆಗೂದಲ ದಪ್ಪದ ಇಪ್ಪತ್ತನೆಯ ಒಂದು ಭಾಗದಷ್ಟಿರುವವು, ಈ ಕಾವಲನ್ನು ದಾಟಿ ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುತ್ತವೆ. ಟಿ.ವಿ.ಯಲ್ಲಿ ಪಿ.ಎಂ. 2.5 ಎನ್ನುವುದು ಇವನ್ನೇ. ಅಲ್ಲಿನ ರಕ್ಷಕಕೋಶಗಳು ಇವನ್ನು ನುಂಗುತ್ತವೆ, ಜೀರ್ಣಿಸಲಾರವು. ಒಳಗೆಲ್ಲ ಉರಿ, ಊತ, ಕಫ. ಅತಿ ಸಣ್ಣ ಕೆಲವು ಕಣಗಳು ರಕ್ತಕ್ಕೂ ಸೇರಿ ಹೃದಯಕ್ಕೆ ಹೊರೆಯಾಗುತ್ತವೆ.

ತತ್ವಶಾಸ್ತ್ರದಲ್ಲಿ ದೂರದ ಕಾರಣ, ಹತ್ತಿರದ ಕಾರಣ ಎಂದು ಬೇರ್ಪಡಿಸುವುದುಂಟು. ಇಲ್ಲಿ ಅದು ಬಹಳ ಉಪಯುಕ್ತ. ವರ್ಷಗಟ್ಟಲೆ ಕುಡಿದ ಹೊಗೆ ಕಾಯಿಲೆಯನ್ನು ತಂದಿತು. ಅದನ್ನು ಇನ್ನು ಹಿಂದಕ್ಕೆ ತಿರುಗಿಸಲಾಗದು. ಆದರೆ ಇವತ್ತಿನ ಹೊಗೆ ಇವತ್ತಿನ ದಮ್ಮಿನ ದಾಳಿಯನ್ನು ತರುತ್ತದೆ, ಅದನ್ನು ತಪ್ಪಿಸಬಹುದು. ಮೊದಲೇ ಕಿರಿದಾದ ನಾಳ ಇನ್ನಷ್ಟು ಊದಿಕೊಂಡರೆ ಉಸಿರಿಗೆ ದಾರಿ ಎಲ್ಲಿ? ದೊಡ್ಡ ದಾಳಿಯೊಂದು ಬಂದುಹೋದ ಮೇಲೆ ಅನೇಕರು ಮೊದಲಿನ ಶಕ್ತಿಗೆ ಮರಳುವುದೇ ಇಲ್ಲ.

1952ರ ಡಿಸೆಂಬರಿನಲ್ಲಿ ಲಂಡನ್ ನಗರದ ಮೇಲೆ ಕಲ್ಲಿದ್ದಲ ಹೊಗೆ ಐದು ದಿನ ಕವಿದುಕೊಂಡಿತ್ತು. ಆಗಿನ ಲೆಕ್ಕಕ್ಕೆ ಸಿಕ್ಕ ಸಾವುಗಳೇ ಸುಮಾರು 4,000. ನಂತರದ ಅಧ್ಯಯನವೊಂದು ಅದನ್ನು 12,000ಕ್ಕೆ ಏರಿಸಿತು. ಬಹುಪಾಲು ಸತ್ತವರು ವೃದ್ಧರು, ಎದೆಯ ಕಾಯಿಲೆ ಇದ್ದವರು.

ಒಂದು ಘನಮೀಟರ್ ಗಾಳಿಯಲ್ಲಿ ಈ ಕಣಗಳ ದಿನದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದ 2009ರ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಸೌದೆ ಉರಿಯುವ ಮುಚ್ಚಿದ ಅಡುಗೆಕೋಣೆಯಲ್ಲಿ ಅದು ನೂರುಗಟ್ಟಲೆ ಏರುತ್ತದೆ! 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಬಡವರ ಮನೆಗೂ ಗ್ಯಾಸು ಬಂತು, ನಿಜ. ಆದರೆ ಸಿಲಿಂಡರಿನ ಬೆಲೆಗೆ ಹೆದರಿ ಬಚ್ಚಲ ಹಂಡೆಗೆ, ಅನ್ನಕ್ಕೆ ಇನ್ನೂ ಸೌದೆಯೇ. ಅವರನ್ನು ದೂರುವುದು ಸುಲಭ. ಗ್ಯಾಸು ಸಾಲದಿದ್ದರೆ ಒಲೆಯನ್ನಾದರೂ ಮನೆಯ ಹೊರಗಿಡಿ, ಇಲ್ಲವೇ ಹೊಗೆಗೂಡು ಕಟ್ಟಿಸಿ. ದಮ್ಮಿರುವ ಅಮ್ಮನ ಕೈಗೆ ಊದುಗೊಳವೆ ಕೊಡಬೇಡಿ. ಅಡುಗೆಯ ಹೊಗೆಯಿಂದ ಬಡವರು ಕಾಯಿಲೆ ಬೀಳುವುದನ್ನು ಜಗದ್ಗುರು ಫ್ರಾನ್ಸಿಸ್ 2015ರ ತಮ್ಮ ವಿಶ್ವಪತ್ರದಲ್ಲೇ ಪ್ರಸ್ತಾಪಿಸಿದ್ದರು.

ಒಂದು ಸೊಳ್ಳೆಬತ್ತಿ ಸುಟ್ಟರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸೂಕ್ಷ್ಮ ಕಣ ಹೊರಬೀಳುತ್ತದೆಂದು 2003ರ ಅಧ್ಯಯನವೊಂದು ಅಳೆದು ತೋರಿಸಿದೆ. ರೋಗಿಯ ಕೋಣೆಗೆ ಸೊಳ್ಳೆಪರದೆಯೇ ಮೇಲು. ನಮ್ಮ ಧೂಪವೂ ಹೊಗೆಯೇ. ಹಬ್ಬದ ಪೂಜೆಯಲ್ಲಿ ದಮ್ಮಿನವರು ಬಾಗಿಲ ಬಳಿ ಕುಳಿತರೆ ಭಕ್ತಿಗೇನೂ ಕುಂದಿಲ್ಲ. ಬಾಯಿಗೆ ಸೆರಗು, ಕರವಸ್ತ್ರ ಕಟ್ಟಿದರೆ ಈ ಕಣಗಳು ನಿಲ್ಲುವುದಿಲ್ಲ. ಚಳಿಗಾಲದ ಬೆಳಗ್ಗೆ ಹೊಗೆ ನೆಲಕ್ಕೇ ಅಂಟಿಕೊಂಡಿರುತ್ತದೆ. ವಾಕಿಂಗ್ ಬಿಸಿಲೇರಿದ ಮೇಲಿರಲಿ.

ಇನ್ಹೇಲರ್ 'ಚಟವಾಗುತ್ತದೆ' ಎಂಬ ಮಾತನ್ನು ನಂಬಬೇಡಿ. ಅದು ಚಟವಲ್ಲ, ಔಷಧ. ಎಳೆದುಕೊಳ್ಳುವ ಕ್ರಮವನ್ನು ಮಾತ್ರ ವೈದ್ಯರ ಮುಂದೆಯೇ ಮಾಡಿ ತೋರಿಸಿ ಕಲಿಯಿರಿ. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯ ಬಗ್ಗೆಯೂ ಕೇಳಿ. ಕಫದ ಬಣ್ಣ ಹಳದಿ, ಹಸಿರಿಗೆ ತಿರುಗಿದರೆ ಅಥವಾ ದಿನನಿತ್ಯಕ್ಕಿಂತ ದಮ್ಮು ಹೆಚ್ಚಿದರೆ ಅಂದೇ ವೈದ್ಯರನ್ನು ಕಾಣಿ. ತುಟಿ, ಉಗುರು ನೀಲಿಗಟ್ಟಿದರೆ ಬೆಳಗಾಗಲೆಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.