ಕಿಲೋಮೀಟರಿನ ಲೆಕ್ಕ, ಚಡಾವಿನ ಲೆಕ್ಕ
(ದೂರದ ಸೈಕಲ್ ಪ್ರವಾಸಕ್ಕೆ ದಾರಿ ಗೊತ್ತುಮಾಡುವ ಬಗೆ)

ಸೈಕಲ್ಲು ತುಳಿಯಬಲ್ಲವರೆಲ್ಲ ಸೈಕಲ್ಲಿನಲ್ಲಿ ಪ್ರವಾಸವನ್ನೂ ಮಾಡಬಲ್ಲರೆಂದು ಕಳೆದ ವರ್ಷದ ಫೆಬ್ರವರಿಯವರೆಗೆ ನಾನು ನಂಬಿದ್ದೆ. ಭೂಗೋಳದ ಪ್ರಾಯೋಗಿಕ ಪರೀಕ್ಷೆಯಲ್ಲಿ ಸಮೋನ್ನತಿ ರೇಖೆಗಳನ್ನು ಅಂದವಾಗಿ ಎಳೆದು ಒಳ್ಳೆಯ ಅಂಕಗಳನ್ನು ಗಳಿಸಿದವನೂ ನಾನೇ. ಆದರೆ ಆ ರೇಖೆಗಳಿಗೂ ನಮ್ಮ ಮೊಣಕಾಲುಗಳಿಗೂ ಏನಾದರೂ ಸಂಬಂಧವುಂಟೆಂಬುದು ನನಗೆ ಹೊಳೆದದ್ದು ತರಗತಿಯಲ್ಲಿ ಅಲ್ಲ. ಸಿದ್ದಕಟ್ಟೆಗೆ ಇನ್ನೂ ಎರಡು ಮೂರು ಕಿಲೋಮೀಟರು ಇರುವ ಒಂದು ಚಡಾವಿನಲ್ಲಿ, ಮಧ್ಯಾಹ್ನ ಎರಡೂವರೆ ಗಂಟೆಗೆ, ಜೊತೆಯ ಗೆಳೆಯನು ಸೈಕಲ್ಲನ್ನು ಕೈಬಿಟ್ಟು ರಸ್ತೆಯ ಬದಿಯಲ್ಲಿ ಕುಸಿದು ಕುಳಿತಾಗ. ಘಟ್ಟದ ಮೇಲಿನಿಂದ ಬಂದ ಸಹಪಾಠಿಗಳಿಗಾಗಿ ಹೇಳುತ್ತೇನೆ: ಚಡಾವು ಎಂದರೆ ನಮ್ಮ ಕಡೆಯ ರಸ್ತೆಯ ಏರು.

ಆ ದಿನ ನಾವು ಮೂವರಿದ್ದೆವು. ಮೂಡುಬಿದಿರೆಯಿಂದ ಹೊರಟು ವೇಣೂರು, ಗುರುವಾಯನಕೆರೆ, ಬೆಳ್ತಂಗಡಿ. ಪುನಃ ಗುರುವಾಯನಕೆರೆಗೆ ಬಂದು ಮಡಂತ್ಯಾರು, ಪುಂಜಾಲಕಟ್ಟೆಗಳ ಮೇಲಾಗಿ ಬಂಟ್ವಾಳ. ಬಂಟ್ವಾಳದಿಂದ ಸಿದ್ದಕಟ್ಟೆಯ ದಾರಿ ಹಿಡಿದು ಮತ್ತೆ ಮೂಡುಬಿದಿರೆ. ಇದು ನಮ್ಮ ಸುತ್ತು. ಮೊಬೈಲಿನ ನಕಾಶೆಯಲ್ಲಿ ಬೆರಳಿಟ್ಟು ಕೂಡಿಸಿದಾಗ ಸುಮಾರು ೯೫ ಕಿಲೋಮೀಟರು ಬಂತು. ಗಂಟೆಗೆ ಹದಿನಾರು ಕಿಲೋಮೀಟರು ತುಳಿಯುವುದೇನು ಮಹಾ? ಬೆಳಗ್ಗೆ ಏಳಕ್ಕೆ ಹೊರಟರೆ ಒಂದು ಗಂಟೆಗೆ ಮನೆಗೆ ಬಂದು ಊಟ ಮಾಡಬಹುದೆಂದು ತೀರ್ಮಾನಿಸಿದೆವು. ಭಾಗಾಕಾರ ಸರಿಯಾಗಿಯೇ ಇತ್ತು. ಭಾಗಿಸಿದ ಸಂಖ್ಯೆ ಮಾತ್ರ ತಪ್ಪಾಗಿತ್ತು.

ವೇಣೂರಿನವರೆಗೆ ಹಾಡುತ್ತಲೇ ಹೋದೆವು. ೧೬೦೪ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಮೂವತ್ತೈದು ಅಡಿಯ ಬಾಹುಬಲಿಯ ಮುಂದೆ ಅರ್ಧ ಗಂಟೆ ಕಳೆದೆವು. ಅದು ಲೆಕ್ಕದಲ್ಲಿ ಇರಲಿಲ್ಲ. ಬೆಳ್ತಂಗಡಿಯಲ್ಲಿ ಚಹಾ ಕುಡಿದು ಗೋಳಿಬಜೆ ತಿಂದೆವು, ಅದೂ ಇರಲಿಲ್ಲ. ಬಂಟ್ವಾಳ ಮುಟ್ಟುವಾಗ ಗಂಟೆ ಒಂದು ಕಳೆದಿತ್ತು, ಬಾಟಲಿಗಳು ಖಾಲಿಯಾಗಿದ್ದವು. ಮನೆ ಇನ್ನೇನು ಇಪ್ಪತ್ತೇಳು ಕಿಲೋಮೀಟರು ಎಂಬ ಧೈರ್ಯದಿಂದ ನೀರು ತುಂಬಿಸಿಕೊಳ್ಳದೆ ಮುಂದೆ ಸಾಗಿದೆವು. ಆ ಅವಸರ ನನ್ನದು. ಗೆಳೆಯರ ಮೇಲೆ ಹಾಕಲಾರೆ.

ಕುಸಿದ ಗೆಳೆಯನನ್ನು ಉಪಚರಿಸಿದವರು ರಸ್ತೆಬದಿಯ ಮನೆಯ ಒಬ್ಬ ವೃದ್ಧೆ. ಅವನ ಮೈ ಬೆವರಿ ತಣ್ಣಗಾಗಿತ್ತು, ಕೈಬೆರಳು ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಆಕೆ ಅವನನ್ನು ಜಗಲಿಯ ನೆರಳಿನಲ್ಲಿ ಮಲಗಿಸಿ, ಗಂಜಿಯ ತಿಳಿಗೆ ಉಪ್ಪು ಬೆರೆಸಿ ತಂದು, “ಒಮ್ಮೆಗೇ ಕುಡಿಯಬೇಡ ಮಗಾ, ಗುಟುಕು ಗುಟುಕಾಗಿ ಕುಡಿ” ಎಂದು ತುಳುವಿನಲ್ಲಿ ಹೇಳಿದರು. ಅವನು ಚೇತರಿಸಿಕೊಂಡ ಮೇಲೆ ನಮ್ಮಿಬ್ಬರ ಕಡೆ ತಿರುಗಿ, “ಈ ದಾರಿಯಲ್ಲಿ ಬಸ್ಸು ಇಲ್ಲವೆಂದು ನಿಮಗೆ ಯಾರು ಹೇಳಿದ್ದು ಮಕ್ಕಳೇ?” ಎಂದು ಕೇಳಿದರು. ಗೆಳೆಯನನ್ನು ಬಸ್ಸಿನಲ್ಲಿಯೇ ಕಳುಹಿಸಿದೆವು. ಅವನ ಸೈಕಲ್ಲು ಆ ರಾತ್ರಿ ಅವರ ಹಟ್ಟಿಯಲ್ಲಿ ದನಗಳ ಜೊತೆ ಉಳಿಯಿತು. ಅವನ ತಾಯಿ ಒಂದು ತಿಂಗಳು ನನ್ನೊಡನೆ ಮಾತನಾಡಲಿಲ್ಲ.

ಆ ತಿಂಗಳಿನಲ್ಲಿ ನಾನು ಹಳೆಯ ಭೂಗೋಳದ ಟಿಪ್ಪಣಿಗಳನ್ನು ಮತ್ತೆ ತೆರೆದೆ. ಮೊದಲನೆಯ ಪಾಠ ನದಿಗಳದ್ದು. ನಮ್ಮ ಜಿಲ್ಲೆಯ ನದಿಗಳು ಪೂರ್ವದ ಘಟ್ಟದಲ್ಲಿ ಹುಟ್ಟಿ ಪಶ್ಚಿಮದ ಕಡಲಿಗೆ ಹರಿಯುತ್ತವೆ. ವೇಣೂರಿನ ಬದಿಯಲ್ಲಿ ಹರಿದು ಕೆಳಗೆ ಗುರುಪುರದ ಹೊಳೆಯೆನಿಸುವ ಫಲ್ಗುಣಿ ಒಂದು. ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳಕ್ಕೆ ಬರುವ ನೇತ್ರಾವತಿ ಇನ್ನೊಂದು. ನದಿಯ ಜೊತೆಯಲ್ಲಿ ಪೂರ್ವಕ್ಕೆ ಹೋಗುವ ರಸ್ತೆ ನಿಧಾನವಾಗಿ ಏರುತ್ತದೆ; ಬಂಟ್ವಾಳದಿಂದ ಉಪ್ಪಿನಂಗಡಿಯ ಹೆದ್ದಾರಿ ಬಹುಮಟ್ಟಿಗೆ ಈ ಜಾತಿಯದು. ಉತ್ತರ ದಕ್ಷಿಣವಾಗಿ ಹೋಗುವ ರಸ್ತೆಯ ಪಾಡು ಬೇರೆ. ಅದು ಒಂದು ಹೊಳೆಯ ಬಯಲಿಗೆ ಇಳಿಯಬೇಕು, ಮುರಕಲ್ಲಿನ ಗುಡ್ಡೆಗೆ ಹತ್ತಬೇಕು, ಮತ್ತೊಂದು ತೋಡಿನ ಕಂಗಿನ ತೋಟಕ್ಕೆ ಇಳಿಯಬೇಕು, ಪುನಃ ಹತ್ತಬೇಕು. ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ನಮ್ಮ ದಾರಿ ನೇತ್ರಾವತಿಯ ಸೀಮೆಯಿಂದ ಫಲ್ಗುಣಿಯ ಕಣಿವೆಯನ್ನು ದಾಟಿ ಆಚೆಯ ಎತ್ತರಕ್ಕೆ ಹೋಗುವಂಥದು. ಅದನ್ನೇ ನಾವು ಕೊನೆಗೆ, ಬಿಸಿಲಿನ ಹೊತ್ತಿಗೆ ಇಟ್ಟುಕೊಂಡಿದ್ದೆವು. ಅದೇ ಸುತ್ತನ್ನು ತಿರುಗಿಸಿ, ಬೆಳಗಿನ ತಂಪಿನಲ್ಲಿ ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಮೊದಲು ಬಂದಿದ್ದರೆ ಅರ್ಧ ಕಷ್ಟ ತಪ್ಪುತ್ತಿತ್ತು. ಹಾಕಿದ ದಾರಿಯನ್ನು ಒಮ್ಮೆ ಹಿಂದುಮುಂದಾಗಿಸಿ ನೋಡುವ ಅಭ್ಯಾಸ ನನಗೆ ಅಂದಿನಿಂದ ಬಂದಿದೆ.

ಎರಡನೆಯದು ನಕಾಶೆ. ೧೭೬೭ರಲ್ಲಿ ಸ್ಥಾಪಿತವಾದ ಭಾರತ ಸರ್ವೇಕ್ಷಣ ಇಲಾಖೆಯ ೧:೫೦,೦೦೦ ಪ್ರಮಾಣದ ಹಾಳೆಗಳನ್ನು ೨೦೧೭ರಿಂದ ಅಂತರಜಾಲದಲ್ಲಿ ಇಳಿಸಿಕೊಳ್ಳುವ ಅನುಕೂಲವಾಗಿದೆ. ಇವುಗಳಲ್ಲಿ ಎರಡು ಸೆಂಟಿಮೀಟರು ನೆಲದ ಮೇಲಿನ ಒಂದು ಕಿಲೋಮೀಟರಿಗೆ ಸಮ. ಒದ್ದೆ ಮಾಡಿದ ದಾರವನ್ನು ರಸ್ತೆಯ ತಿರುವುಗಳ ಮೇಲೆ ಕೂರಿಸಿ, ಮೇಲೆತ್ತಿ ಅಳೆದರೆ ದೂರ ಸಿಗುತ್ತದೆ. ನಮ್ಮ ದುರದೃಷ್ಟವೆಂದರೆ ೧೩ ಡಿಗ್ರಿ ಅಕ್ಷಾಂಶವೂ ೭೫ ಡಿಗ್ರಿ ರೇಖಾಂಶವೂ ಒಂದನ್ನೊಂದು ಕತ್ತರಿಸುವುದು ಮೂಡುಬಿದಿರೆಗೂ ಬಂಟ್ವಾಳಕ್ಕೂ ನಡುವಣ ಪ್ರದೇಶದಲ್ಲಿ. ಆದುದರಿಂದ ನಾಲ್ಕು ಹಾಳೆಗಳ ಮೂಲೆಗಳು ಅಲ್ಲಿ ಕೂಡುತ್ತವೆ. ಒಂದು ದಿನದ ಸುತ್ತಿಗೆ ಹಲವು ಹಾಳೆಗಳನ್ನು ಅಂಟಿಸಬೇಕಾಗುತ್ತದೆ.

ಈ ಹಾಳೆಗಳನ್ನು ಓದುವಾಗ ಒಂದು ವಂಚನೆಯನ್ನು ಗಮನಿಸಬೇಕು. ಸಮೋನ್ನತಿ ರೇಖೆಗಳ ನಡುವಣ ಅಂತರ ಸಾಮಾನ್ಯವಾಗಿ ಇಪ್ಪತ್ತು ಮೀಟರು. ಹದಿನೈದು ಮೀಟರಿನ ಒಂದು ದಿಬ್ಬ ಎರಡು ರೇಖೆಗಳ ನಡುವೆಯೇ ಅಡಗಿಬಿಡಬಹುದು. ನಮ್ಮ ನಾಡಿನ ಬಹುಪಾಲು ಚಡಾವುಗಳು ಇಂತಹ ಕಳ್ಳ ಚಡಾವುಗಳೇ. ಹಾಳೆಯಲ್ಲಿ ಸಪಾಟಾಗಿ ಕಾಣುವ ದಾರಿಯಲ್ಲಿ ಇಂಥವು ಇಪ್ಪತ್ತಿದ್ದರೆ ಮುನ್ನೂರು ಮೀಟರು ಏರಿದಂತಾಯಿತು! ಮೊಬೈಲಿನ ಜಾಲತಾಣಗಳು ಈ ಎತ್ತರವನ್ನು ತಾವೇ ಕೂಡಿಸಿ ಕೊಡುತ್ತವೆ, ನಿಜ. ಆದರೆ ಅವುಗಳಲ್ಲಿ ಅನೇಕಕ್ಕೆ ಆಧಾರ ೨೦೦೦ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರಿನ ಮೂಲಕ ಮಾಡಿದ ಅಳತೆ. ರೇಡಾರಿಗೆ ನೆಲ ಯಾವುದು, ಮರದ ತಲೆ ಯಾವುದು ಎಂಬ ವಿವೇಚನೆ ಕಡಮೆ. ಕಾಡು ತೋಟಗಳೇ ತುಂಬಿದ ನಮ್ಮಲ್ಲಿ ಒಂದೇ ದಾರಿಗೆ ಎರಡು ತಾಣಗಳು ಎರಡು ಲೆಕ್ಕ ಕೊಡುವುದುಂಟು. ನಾನು ಹೆಚ್ಚಿನದನ್ನೇ ನಂಬುತ್ತೇನೆ.

ಇನ್ನು ಏರನ್ನು ಕಿಲೋಮೀಟರಿಗೆ ತಿರುಗಿಸುವ ಬಗೆ. ಇದಕ್ಕೆ ಪ್ರೌಢಶಾಲೆಯ ಭೌತಶಾಸ್ತ್ರವೇ ಸಾಕು. ಸವಾರ, ಸೈಕಲ್ಲು, ಸಾಮಾನು ಸೇರಿ ೮೫ ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಇಷ್ಟನ್ನು ೧೦೦ ಮೀಟರು ಎತ್ತಲು ೮೫ × ೯.೮ × ೧೦೦, ಎಂದರೆ ಸುಮಾರು ೮೩,೦೦೦ ಜೂಲುಗಳ ಕೆಲಸ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಗಂಟೆಗೆ ೧೫ ಕಿಲೋಮೀಟರಿನಂತೆ ಹೋಗುವಾಗ ಗಾಳಿಯ ತಡೆಯೂ ಟಯರಿನ ತಡೆಯೂ ಕೂಡಿ ಹೆಚ್ಚುಕಡಮೆ ೧೨ ನ್ಯೂಟನ್. ಭಾಗಿಸಿದರೆ ಸುಮಾರು ೬,೯೦೦ ಮೀಟರು ಬರುತ್ತದೆ. ಎಂದರೆ ನೂರು ಮೀಟರಿನ ಏರು ಏಳು ಕಿಲೋಮೀಟರು ಸಮತಟ್ಟಿನ ದಾರಿಗೆ ಸಮಾನ. ಏರಿದ್ದೆಲ್ಲ ಇಳಿಯುವಾಗ ಮರಳಿ ಬರುವುದಲ್ಲವೇ ಎಂದು ಕೇಳಬಹುದು. ಬರುತ್ತದೆ, ಆದರೆ ಸೋರಿ ಬರುತ್ತದೆ. ಇಳಿಜಾರಿನ ಬುಡದಲ್ಲಿ ತಿರುವೋ ಪೇಟೆಯೋ ಹಸುವೋ ಇದ್ದೇ ಇರುತ್ತದೆ. ಬ್ರೇಕು ಹಿಡಿದೊಡನೆ ಗಳಿಸಿದ್ದು ಹೋಯಿತು. ಆದುದರಿಂದ ಏರಿಳಿತ ಸಮನಾಗಿರುವ ಸುತ್ತುದಾರಿಯಲ್ಲಿ ನೂರು ಮೀಟರಿಗೆ ಐದು ಕಿಲೋಮೀಟರು, ಬರೀ ಏರುವ ದಾರಿಯಲ್ಲಿ ಏಳು ಕಿಲೋಮೀಟರು ಎಂದು ನಾನು ಹಿಡಿಯುತ್ತೇನೆ. ನಮ್ಮ ಆ ಸುತ್ತಿನಲ್ಲಿ ಒಟ್ಟು ಏರು ಒಂದು ಸಾವಿರ ಮೀಟರೆಂದರೂ, ೯೫ಕ್ಕೆ ೫೦ ಕೂಡಿ ೧೪೫ ಆಯಿತು. ೧೫ರ ವೇಗದಲ್ಲಿ ಒಂಬತ್ತೂವರೆ ಗಂಟೆಗೂ ಹೆಚ್ಚು. ಬಾಹುಬಲಿಯೂ ಗೋಳಿಬಜೆಯೂ ಪ್ರತ್ಯೇಕ.

ಬಿಡುವಿನ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಕೆಂಬುದನ್ನು ಫ್ರಾನ್ಸಿನವರಿಂದ ಕಲಿಯಬೇಕು. ಪ್ಯಾರಿಸಿನಿಂದ ಬ್ರೆಸ್ಟಿಗೆ ಹೋಗಿ ಮರಳುವ, ೧೮೯೧ರಲ್ಲಿ ಆರಂಭವಾದ ಸುಮಾರು ೧,೨೦೦ ಕಿಲೋಮೀಟರಿನ ಯಾನಕ್ಕೆ ಇಂದು ೯೦ ಗಂಟೆಗಳ ಮಿತಿಯುಂಟು. ಅದರ ಸಿದ್ಧತೆಯ ೨೦೦ ಕಿಲೋಮೀಟರಿನ ಸವಾರಿಗೆ ಹದಿಮೂರೂವರೆ ಗಂಟೆ. ಊಟ, ಪಂಕ್ಚರು, ನಿದ್ದೆ ಎಲ್ಲವೂ ಇದರೊಳಗೇ. ಗಡಿಯಾರ ಯಾರಿಗಾಗಿಯೂ ನಿಲ್ಲುವುದಿಲ್ಲ. ೧೯೨೩ರಲ್ಲಿ ಮುಂಬಯಿಯಿಂದ ಸೈಕಲ್ಲಿನಲ್ಲಿ ಲೋಕ ಸುತ್ತಲು ಆರು ಮಂದಿ ಪಾರ್ಸಿ ತರುಣರು ಹೊರಟರು. ೧೯೨೮ರಲ್ಲಿ ಸುತ್ತು ಮುಗಿಸಿ ಬಂದವರು ಮೂವರು. ನಮ್ಮ ಮೂವರಲ್ಲಿ ಇಬ್ಬರು ಮುಗಿಸಿದ್ದು ಅಷ್ಟೇನೂ ನಾಚಿಕೆಯ ಮಾತಲ್ಲವೆಂದು ಆಗ ಸಮಾಧಾನಪಟ್ಟುಕೊಂಡಿದ್ದೆ.

ಈ ಲೆಕ್ಕ ಕೈಗೆ ಬಂದ ಮೇಲೆ ಒಂದು ವಿಚಿತ್ರ ಕಂಡಿತು. ನಾವೆಲ್ಲ ಹೆದರುತ್ತಿದ್ದುದು ಚಾರ್ಮಾಡಿ ಘಟ್ಟಕ್ಕೆ. ಬೆಳ್ತಂಗಡಿಯಿಂದ ಉಜಿರೆ, ಮುಂಡಾಜೆ, ಕಕ್ಕಿಂಜೆ, ಚಾರ್ಮಾಡಿಗಳ ಮೇಲಾಗಿ ಕೊಟ್ಟಿಗೆಹಾರಕ್ಕೆ ಸುಮಾರು ೪೫ ಕಿಲೋಮೀಟರು. ಏರು ಎಂಟುನೂರು ಮೀಟರೆಂದು ಹಿಡಿದರೆ ೫೬ ಕಿಲೋಮೀಟರಿಗೆ ಸಮ; ಒಟ್ಟು ೧೦೧. ನಾವು ಹಗುರವೆಂದು ತಿಳಿದ ಸುತ್ತಿಗಿಂತ ಇದು ಎಷ್ಟೋ ಕಡಮೆ! ಕಾರಣವೂ ಇದೆ. ಘಟ್ಟದ ರಸ್ತೆಯನ್ನು ಎಂಜಿನಿಯರು ಅಳೆದು ಎಳೆದಿರುತ್ತಾನೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಬೆಟ್ಟಸೀಮೆಯ ರಸ್ತೆಗೆ ಸಾಮಾನ್ಯ ಏರು ಇಪ್ಪತ್ತಕ್ಕೆ ಒಂದು. ಅದಕ್ಕಾಗಿಯೇ ಅಷ್ಟೊಂದು ತಿರುವುಗಳು. ಹಳ್ಳಿಯ ರಸ್ತೆಯಾದರೋ ಹಿಂದಿನ ಕಾಲುದಾರಿಯ ಮೇಲೆಯೇ ಡಾಂಬರು ಹೊದೆದು ಗುಡ್ಡೆಯ ನೆತ್ತಿಗೆ ನೆಟ್ಟಗೆ ಹತ್ತಿಬಿಡುತ್ತದೆ. ಗಿಯರು ಇಲ್ಲದ ಸೈಕಲ್ಲಿನವನು ಘಟ್ಟದಲ್ಲಿ ತಾಳದಿಂದ ತುಳಿಯಬಹುದು. ಹಳ್ಳಿಯ ಚಡಾವಿನಲ್ಲಿ ಇಳಿದು ನೂಕಬೇಕು.

ಘಟ್ಟಗಳಲ್ಲಿಯೂ ತಾರತಮ್ಯವುಂಟು. ಶಿರಾಡಿಯ ಹೆದ್ದಾರಿ ಲಾರಿಗಳದು. ಸೈಕಲ್ಲಿಗೆ ನಾನು ಹೇಳಲಾರೆ. ಕಾರ್ಕಳದ ಕಡೆಯಿಂದ ಕುದುರೆಮುಖಕ್ಕೆ ಹೋಗುವ ದಾರಿ ೧೯೮೭ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನವನದೊಳಗಿನದು. ಬಹುದೂರ ಅಂಗಡಿ ಸಿಗದು, ಅರಣ್ಯದ ತನಿಖಾ ಠಾಣೆಗಳ ವೇಳೆಯನ್ನು ಮೊದಲೇ ವಿಚಾರಿಸಬೇಕು. ಆಗುಂಬೆ ಗಿಡ್ಡದಾದರೂ ಕಡಿದು. ಚಾರ್ಮಾಡಿಯೇ ಹಿತ, ಆದರೆ ಮಳೆಗಾಲ ಕಳೆದ ಮೇಲೆ. ೨೦೧೯ರ ಆಗಸ್ಟಿನಲ್ಲಿ ಗುಡ್ಡ ಜರಿದು ಈ ಘಟ್ಟವೇ ಮುಚ್ಚಿತ್ತು. ಜೂನಿನಿಂದ ಸೆಪ್ಟೆಂಬರಿನವರೆಗೆ ಘಟ್ಟದ ದಾರಿ ಹಾಕದಿರುವುದು ಲೇಸು. ಒದ್ದೆ ಚಕ್ರವನ್ನು ಬ್ರೇಕು ತಡವಾಗಿ ಹಿಡಿಯುತ್ತದೆ ಎಂಬ ಕಾರಣವೂ ಸೇರಿ.

ನೀರಿನ ಮಾತು. ದಾರಿಯನ್ನು ಊರುಗಳಿಂದ ಗುರುತಿಸುವುದಕ್ಕಿಂತ ನೀರು ಸಿಗುವ ಕಡೆಗಳಿಂದ ಗುರುತಿಸುವುದು ಮೇಲು. ಹತ್ತು ಹದಿನೈದು ಕಿಲೋಮೀಟರಿಗೊಂದು ಪೇಟೆಯಿರುವ ನಮ್ಮ ಕಡೆ ಇದು ಕಷ್ಟವಲ್ಲ. ಬಾಟಲಿ ಅರ್ಧವಾದಾಗಲೇ ತುಂಬಿಸುವ ಬುದ್ಧಿ ಬೇಕು, ಅಷ್ಟೇ. ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟಸ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಇದು ವೈದ್ಯರ ಲೆಕ್ಕ. ಆ ವೃದ್ಧೆಯ ಗಂಜಿತಿಳಿಯ ಲೆಕ್ಕವೂ ಹೆಚ್ಚುಕಡಮೆ ಅದೇ. ಇದರ ಜೊತೆಗೆ, ಬಸ್ಸು ಹಿಡಿದು ಮರಳಬಹುದಾದ ಎರಡು ಮೂರು ಸ್ಥಳಗಳನ್ನು ನಕಾಶೆಯಲ್ಲಿ ಗುರುತಿಟ್ಟುಕೊಂಡಿರಬೇಕು. ಅದನ್ನು ಸೋಲೆಂದು ಎಣಿಸುವವರು ನಮ್ಮ ಜೊತೆಗೆ ಬರುವುದು ಬೇಡ.

ಕಳೆದ ಡಿಸೆಂಬರಿನಲ್ಲಿ ನಾವು ಮೂವರೂ ಚಾರ್ಮಾಡಿಗೆ ಹೊರಟೆವು. ಗೆಳೆಯನ ತಾಯಿ ಒಂದೇ ನಿಬಂಧನೆ ಹಾಕಿದರು: ಯಾವ ಊರಿಗೆ ಎಷ್ಟು ಗಂಟೆಗೆ ಎಂಬ ಪಟ್ಟಿಯನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ ಹೋಗಬೇಕು, ಪ್ರತಿಯೊಂದು ಊರಿನಿಂದಲೂ ಫೋನು ಮಾಡಬೇಕು. ಘಟ್ಟದ ನಡುವೆ ಸಂಪರ್ಕ ಸಿಗಲಾರದೆಂಬುದನ್ನೂ ಪಟ್ಟಿಯಲ್ಲಿ ಬರೆದೆವು. ಬೆಳ್ತಂಗಡಿಯಿಂದ ಆರೂವರೆಗೆ ಹೊರಟು, ೧೦೧ನ್ನು ೧೫ರಿಂದ ಭಾಗಿಸಿ, ಕೊಟ್ಟಿಗೆಹಾರಕ್ಕೆ ಒಂದೂಕಾಲು ಗಂಟೆ ಎಂದು ನಮೂದಿಸಿದೆ. ಬಿಡುವಿನ ಹೊತ್ತನ್ನು ಸೇರಿಸಲು ಈ ಸಾರಿಯೂ ಮರೆತಿದ್ದೆ. ಉಜಿರೆ ದಾಟುವಾಗ ನೆನಪಾಯಿತು.

ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಟ್ಟೆಗೆ ಬಿದ್ದ ಮೇಲೆ ಗೆಳೆಯನು ಮನೆಗೆ ಫೋನು ಮಾಡಿದ. ಕ್ಷೇಮವಾಗಿ ಮುಟ್ಟಿದೆವು, ನೀರು ಇನ್ನೂ ಒಂದು ಬಾಟಲಿ ಉಳಿದಿದೆ ಎಂದೆಲ್ಲ ಹೇಳಿದ. ಆ ಕಡೆಯಿಂದ ಬಂದ ಉತ್ತರ ನಮಗಿಬ್ಬರಿಗೂ ಕೇಳಿಸಿತು: “ಇಪ್ಪತ್ತೈದು ನಿಮಿಷ ತಡ.”